ಆರು ವ್ಯಾಟಿನ ಡಬ್ಬ

ಮನೆಯಲ್ಲಿ ಅಕ್ವೇರಿಯಂ ಇದೆ ಅಂದ ತಕ್ಷಣ ಜನ ಕೇಳೋ ಮೊದಲ ಪ್ರಶ್ನೆ, "ಎಷ್ಟು ಮೀನಿದೆ?" ಎರಡನೇದು, "ಸಾಯಲ್ವಾ?" ಎರಡಕ್ಕೂ ಉತ್ತರ ಹೇಳಿ ಅಭ್ಯಾಸವಾಗಿದೆ. ಹೋದ ವಾರ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮಾತ್ರ ನೇರವಾಗಿ ವಿಷಯಕ್ಕೇ ಬಂದ. "ಗುರು, ಎರಡಡಿ ಪ್ಲಾಂಟೆಡ್ ಟ್ಯಾಂಕ್ ಮಾಡ್ತಿದ್ದೀನಿ. ಕ್ಯಾನಿಸ್ಟರ್ ಹಾಕ್ಲಾ, ಹ್ಯಾಂಗ್ ಆನ್ ಸಾಕಾ?"

ಒಂದು ಸಾಲಿನ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. "ನಿಮ್ಮನೇಲಿ ಕರೆಂಟು ಎಷ್ಟು ಹೊತ್ತು ಹೋಗತ್ತೆ?" ಅಂತ ತಿರುಗಿ ಕೇಳಿದೆ. ಅವನು ನನ್ನ ಮುಖ ನೋಡಿದ. ಸರಿ, ಬಾ ಕಾಫಿಗೆ ಹೋಗೋಣ, ಸ್ವಲ್ಪ ದೊಡ್ಡ ಕತೆ ಅಂದೆ. ಅವನಿಗೆ ಅರ್ಧ ಹೇಳಿದ್ದೆ. ಇನ್ನರ್ಧ ಇಲ್ಲಿದೆ.

ನಾನು ಮೇಲುಕೋಟೆ ಬೆಟ್ಟದ ಕೆಳಗಿನ ಹಳ್ಳಿಯವನು. ಬಸ್ಸಲ್ಲಿ ಬರೋರಿಗೆ ಗುರುತು ಹೇಳಬೇಕಂದ್ರೆ ಜಕ್ಕನಹಳ್ಳಿ ದಾಟಿ ಇಳಿಯಬೇಕು. ಗಾಜಿನೊಳಗಿನ ಮೀನನ್ನ ಮೊದಲ ಸಲ ನೋಡಿದ್ದು ಸ್ಕೂಲ್ ಟ್ರಿಪ್ಪಲ್ಲಿ, ಕಬ್ಬನ್ ಪಾರ್ಕಿನ ಮತ್ಸ್ಯಾಲಯದಲ್ಲಿ. ಅಲ್ಲೀತನಕ ಮೀನು ಅಂದ್ರೆ ಕೆರೆ ತೂಬಿನ ಹತ್ರ ಟವೆಲ್ಲಿನಲ್ಲಿ ಹಿಡಿಯೋದು ಅಷ್ಟೇ. ಬಿಇ ಮುಗಿಸಿ, ಬೆಂಗಳೂರು ಸೇರಿ, ಕೈಗೆ ಸಂಬಳ ಬಂದು, ಎರಡು ಕಂಪನಿ ಬದಲಾಯಿಸಿದ ಮೇಲೆ ಒಂದು ಭಾನುವಾರ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಹೋದವನು ಎರಡಡಿ ಗಾಜಿನ ತೊಟ್ಟಿ ಹೊತ್ಕೊಂಡು ಬಂದೆ. ಅಲ್ಲಿಂದ ಶುರುವಾದದ್ದು ಹುಚ್ಚು. ಮೊದಲು ಮೀನಿನ ಹುಚ್ಚು, ಆಮೇಲೆ ಗಿಡದ ಹುಚ್ಚು. ಜಪಾನಿನ ತಕಾಶಿ ಅಮಾನೊ ಅನ್ನೋ ಫೋಟೋಗ್ರಾಫರ್ ಗಾಜಿನ ತೊಟ್ಟಿಯೊಳಗೆ ಗುಡ್ಡ, ಕಾಡು, ಹುಲ್ಲುಗಾವಲು ಬೆಳೆಸಿ ಪ್ರಪಂಚಕ್ಕೆಲ್ಲ ಈ ಚಟ ಹತ್ತಿಸಿದವನು. 2015ರಲ್ಲಿ ತೀರಿಕೊಂಡ. ಅವನ ಫೋಟೋಗಳನ್ನ ಒಂದು ಸಲ ನೋಡಿದವನು ಪ್ಲಾಸ್ಟಿಕ್ ಗಿಡ ಹಾಕಿದ ಟ್ಯಾಂಕನ್ನ ಮತ್ತೆ ನೋಡಲಾರ.

ಗಿಡದ ಟ್ಯಾಂಕಿಗೆ ಬಂದ ಮೇಲೆ ಎಲ್ಲರೂ ಒಂದಲ್ಲ ಒಂದು ದಿನ ಬಂದು ನಿಲ್ಲೋ ಜಾಗ ಫಿಲ್ಟರು.

ಫಿಲ್ಟರ್ ಅಂದ್ರೆ ಕಾಫಿ ಫಿಲ್ಟರ್ ಥರ ಕಸ ಸೋಸೋ ಜಾಲರಿ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಕಸ ಹಿಡಿಯೋದು ಅದರ ಸಣ್ಣ ಕೆಲಸ. ನಿಜವಾದ ಕೆಲಸ ಮಾಡೋದು ಅದರೊಳಗಿನ ಸ್ಪಂಜಿಗೆ, ಪಿಂಗಾಣಿ ಬಳೆಗಳಿಗೆ ಅಂಟಿಕೊಂಡು ಬದುಕೋ ಬ್ಯಾಕ್ಟೀರಿಯಾ. ಮೀನು ಉಸಿರಾಡಿದಾಗ, ಹೇತಾಗ, ಉಳಿದ ಕಾಳು ಕೊಳೆತಾಗ ನೀರಿಗೆ ಅಮೋನಿಯಾ ಸೇರತ್ತೆ. ಅದು ಮೀನಿಗೆ ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡತ್ತೆ, ಇದು ಅಷ್ಟು ಕೆಟ್ಟದ್ದಲ್ಲ, ಗಿಡಕ್ಕೆ ಗೊಬ್ಬರ. ಈ ಜೀವಿಗಳೆಲ್ಲ ಬಂದು ಸಂಸಾರ ಹೂಡೋಕೆ ನಾಲ್ಕರಿಂದ ಆರು ವಾರ ಬೇಕು. ಅವಕ್ಕೆ ಊಟದ ಜೊತೆ ಇನ್ನೊಂದು ಬೇಕು, ಆಮ್ಲಜನಕ. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಈಗ ಜಾತಿಗಳ ವಿಷಯ. ಎಲ್ಲಕ್ಕಿಂತ ಬಡವ ಸ್ಪಂಜ್ ಫಿಲ್ಟರು. ನೂರೈವತ್ತು ಇನ್ನೂರು ರೂಪಾಯಿ. ಟ್ಯಾಂಕಿನೊಳಗೇ ಒಂದು ಕಪ್ಪು ಸ್ಪಂಜ್ ಕೂತಿರತ್ತೆ, ಹೊರಗಿನ ಏರ್ ಪಂಪ್ ಗಾಳಿ ಊದಿದಾಗ ಗುಳ್ಳೆಗಳು ಮೇಲೇಳ್ತಾ ಸ್ಪಂಜಿನ ಮೂಲಕ ನೀರು ಎಳೀತವೆ. ಕೆಡೋಕೆ ಅದರಲ್ಲಿ ಏನೂ ಇಲ್ಲ. ಆದರೆ ಅಮಾನೊ ಥರದ ಕಾಡು ಮಾಡಿ ಅದರ ಮಧ್ಯೆ ಈ ಕಪ್ಪು ಉಂಡೆ ಇಟ್ರೆ, ದೇವಸ್ಥಾನದ ಗರ್ಭಗುಡಿಯಲ್ಲಿ ಸಿಂಟೆಕ್ಸ್ ಟ್ಯಾಂಕ್ ಇಟ್ಟಂಗೆ. ಮೇಲಾಗಿ ಗುಳ್ಳೆಗಳು ನೀರಿನ ಮೇಲ್ಭಾಗ ಕಲಕ್ತಾ ಇರೋದ್ರಿಂದ ಗಿಡಕ್ಕೇಂತ ನಾವು ಕಷ್ಟಪಟ್ಟು ಹಾಕಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗತ್ತೆ. ಹ್ಯಾಂಗ್ ಆನ್ ಬ್ಯಾಕ್ ಅನ್ನೋದು ಟ್ಯಾಂಕಿನ ಬೆನ್ನಿಗೆ ನೇತುಹಾಕೋ ಡಬ್ಬ, ನೀರನ್ನ ಎಳ್ಕೊಂಡು ಸಣ್ಣ ಜಲಪಾತದ ಥರ ವಾಪಸ್ ಬೀಳಿಸತ್ತೆ. ನೀರಿನ ಮಟ್ಟ ಅಂಚಿನವರೆಗೆ ತುಂಬಿಟ್ರೆ ಜಲಪಾತ ಚಿಕ್ಕದಾಗತ್ತೆ, ಗ್ಯಾಸ್ ನಷ್ಟವೂ ಕಮ್ಮಿ. ಕೊಟ್ಟ ದುಡ್ಡಿಗೆ ನಿಯತ್ತಾಗಿ ದುಡಿಯೋ ಆಳು ಇದೇ ಅಂತ ನನ್ನ ಅಭಿಪ್ರಾಯ. ಜಲ್ಲಿ ಕೆಳಗೆ ಪ್ಲೇಟ್ ಹಾಕೋ ಅಂಡರ್‌ಗ್ರಾವೆಲ್ ಫಿಲ್ಟರನ್ನ ಗಿಡದ ಟ್ಯಾಂಕಿಗೆ ಯಾರಾದ್ರೂ ಮಾರೋಕೆ ಬಂದ್ರೆ ಅಂಗಡಿಯಿಂದ ಎದ್ದು ಬನ್ನಿ. ಬೇರುಗಳು ಹೋಗಿ ಅದರ ಕಿಂಡಿಗಳನ್ನೆಲ್ಲ ಮುಚ್ಚಿಬಿಡ್ತವೆ. ಇನ್ನು ಸಂಪ್. ಬೆಂಗಳೂರಿನವರಿಗೆ ಸಂಪ್ ಅಂದ್ರೆ ಕಾವೇರಿ ನೀರು ಬೀಳೋ ಗುಂಡಿ. ಇದು ಟ್ಯಾಂಕಿನ ಕೆಳಗೆ ಇಡೋ ಇನ್ನೊಂದು ಟ್ಯಾಂಕು. ಐದಾರು ಅಡಿಯ ದೊಡ್ಡ ಟ್ಯಾಂಕಿಗೆ ಚೆನ್ನ, ಆದರೆ ನೀರು ಮೇಲಿಂದ ಕೆಳಗೆ ಧುಮುಕೋ ಜಾಗದಲ್ಲಿ ಗ್ಯಾಸ್ ಸೋರಿಹೋಗತ್ತೆ, ಸದ್ದೂ ಮಾಡತ್ತೆ.

ಆಮೇಲೆ ಬರ್ತಾರೆ ಮಹಾರಾಜರು, ಕ್ಯಾನಿಸ್ಟರ್. ಜರ್ಮನಿಯ ಏಹೈಮ್ ಕಂಪನಿಯವರು 1960ರ ದಶಕದಿಂದ ಮಾಡ್ಕೊಂಡು ಬಂದಿರೋ ಐಟಂ. ಗಟ್ಟಿಯಾಗಿ ಮುಚ್ಚಿದ ಒಂದು ಡಬ್ಬ, ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಕೂತಿರತ್ತೆ. ಒಂದು ಪೈಪಲ್ಲಿ ನೀರು ಇಳಿಯತ್ತೆ, ಸ್ಪಂಜು, ಬಳೆ, ಹತ್ತಿ ಎಲ್ಲ ದಾಟಿ ಇನ್ನೊಂದು ಪೈಪಲ್ಲಿ ಮೇಲೆ ಹೋಗತ್ತೆ. ಟ್ಯಾಂಕಿನೊಳಗೆ ಕಾಣೋದು ಎರಡು ಗಾಜಿನ ಕೊಳವೆ ಮಾತ್ರ. ಎಲ್ಲ ಮುಚ್ಚಿರೋದ್ರಿಂದ ಗ್ಯಾಸ್ ಹಾರಲ್ಲ. ಡಬ್ಬ ದೊಡ್ಡದಾದ್ದರಿಂದ ಬ್ಯಾಕ್ಟೀರಿಯಾಕ್ಕೆ ಎಕರೆಗಟ್ಟಲೆ ಜಾಗ. ನೀರು ಟ್ಯಾಂಕಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿ ಬರೋದ್ರಿಂದ ಮೂಲೆಯ ಗಿಡಕ್ಕೂ ಗೊಬ್ಬರ ತಲುಪತ್ತೆ. ಇದಕ್ಕೆ ಸಮ ಇಲ್ಲ ಅಂತ ನಾನೂ ಒಪ್ತೀನಿ, ಇವತ್ತಿಗೂ. ನಾನು ತಗೊಂಡಿದ್ದು ಅಗ್ಗದ್ದು, ಸಣ್ಣದು. ಆರು ವ್ಯಾಟು, ಗಂಟೆಗೆ 400 ಲೀಟರು ಅಂತ ಮೇಲೆ ಬರೆದಿತ್ತು. ಆ ಲೆಕ್ಕ ಡಬ್ಬ ಖಾಲಿ ಇದ್ದಾಗಿನದು. ಒಳಗೆ ಸಾಮಾನು ತುಂಬಿದ ಮೇಲೆ ಅಷ್ಟು ಬರಲ್ಲ. ನಮ್ಮ ಬೈಕುಗಳ ಮೈಲೇಜಿನ ಥರ ಅದು.

ಸರಿ, 2020ರ ಮಾರ್ಚ್ ಬಂತು. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಅಂದ್ರು. ಎರಡು ವಾರದ ಮಾತು ಅಂತ ಎಲ್ಲರೂ ಅಂದುಕೊಂಡಿದ್ದೆವು. ರೂಮಲ್ಲಿ ಒಬ್ಬನೇ ಇದ್ದು ಏನು ಮಾಡೋದು, ಊರಿಗೆ ಹೋಗೋಣ ಅಂದ್ರೆ ಟ್ಯಾಂಕ್ ನೋಡೋರಿಲ್ಲ. ಜನತಾ ಕರ್ಫ್ಯೂ ಹಿಂದಿನ ದಿನ, 21ನೇ ತಾರೀಖು ಶನಿವಾರ, ಟ್ಯಾಂಕಿನ ನೀರನ್ನ ಪೇಂಟ್ ಬಕೆಟ್ಟುಗಳಿಗೆ ತುಂಬಿ, ಅದರಲ್ಲಿ ಮೀನು ಬಿಟ್ಟು, ಗಿಡಗಳನ್ನ ಒದ್ದೆ ಪೇಪರಲ್ಲಿ ಸುತ್ತಿ, ಗಾಜಿನ ತೊಟ್ಟಿಯನ್ನ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ ಮಲಗಿಸಿ ಹೊರಟೆ. ಹನ್ನೆರಡು ನಿಯಾನ್ ಟೆಟ್ರಾ, ಮೂರು ಕೋರಿಡೋರಾಸ್. ಮದ್ದೂರು ದಾಟೋವರೆಗೂ ಗಂಟೆಗೆ ನಲವತ್ತು ಕಿಲೋಮೀಟರ್ ಮೀರಲಿಲ್ಲ.

ಮನೆ ಮುಂದೆ ಬಕೆಟ್ ಇಳಿಸೋದನ್ನ ನೋಡಿ ಅಪ್ಪ ಜಗುಲಿಯಿಂದಲೇ ಕೇಳಿದ, "ಏನ್ಲಾ, ಸಾರಿಗಾ?"

ನಡುಮನೆಯಲ್ಲಿ ಟ್ಯಾಂಕ್ ನಿಂತಿತು. ಅವ್ವ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ನಾನು ಮುನ್ನೂರು ರೂಪಾಯಿ ಕೊಟ್ಟು ತಂದಿದ್ದ ಕೆಂಪು ಗಿಡವನ್ನ ತೋರಿಸಿ, "ಇದು ಹೊನ್ನಗೊನ್ನೆ ಸೊಪ್ಪಲ್ವಾ?" ಅಂದಳು. ಅಲ್ಲ ಕಣವ್ವ, ಇದು ಆಲ್ಟರ್ನಾಂಥೆರಾ ಅಂತ, ದಕ್ಷಿಣ ಅಮೆರಿಕದ್ದು ಅಂದೆ. ರಾತ್ರಿ ಅನುಮಾನ ಬಂದು ಹುಡುಕಿದ್ರೆ ನಮ್ಮ ಹೊನ್ನಗೊನ್ನೆಯ ಹೆಸರೂ ಆಲ್ಟರ್ನಾಂಥೆರಾನೇ. ಅಣ್ಣತಮ್ಮಂದಿರು. ಮಾರನೇ ದಿನ ಬಸ್ಸಾರು ಆಗಿತ್ತು, ಯಾವುದರಿಂದ ಅಂತ ಹೇಳಬೇಕಿಲ್ಲ. ಟ್ಯಾಂಕಿಂದಲ್ಲ, ಬದುವಿಂದ. ಇನ್ನೊಂದು ಗಿಡ ರೊಟಾಲ. ಅದರ ಬಂಧುಬಳಗ ನಮ್ಮ ದೇಶದ ಗದ್ದೆಗಳಲ್ಲಿ ತಾನಾಗೇ ಬೆಳೆಯೋ ಕಳೆ. ಅಪ್ಪನಿಗೆ ಅದನ್ನ ಹೇಳಿದ್ದೇ ತಪ್ಪಾಯ್ತು. "ನಾವು ಕಳೆ ಕೀಳಕ್ಕೆ ಕೂಲಿ ಕೊಟ್ಟೋ. ನೀನು ಕಳೆ ನೆಡಕ್ಕೆ ದುಡ್ಡು ಕೊಟ್ಟಿದ್ದೀಯ. ಓದ್ಸಿದ್ದು ಸಾರ್ಥಕ ಆಯ್ತು ಬುಡು" ಅಂತ ಬಂದೋರಿಗೆಲ್ಲ ಹೇಳ್ಕೊಂಡು ಓಡಾಡಿದ.

ಆದರೆ ಕ್ಯಾನಿಸ್ಟರ್ ಬಗ್ಗೆ ಅಪ್ಪನಿಗೆ ನಿಜವಾದ ಕುತೂಹಲ ಹುಟ್ಟಿತು. ನಲವತ್ತು ವರ್ಷ ಪಂಪ್‌ಸೆಟ್ ಜೊತೆ ಬಾಳಿದ ಮನುಷ್ಯ. ಇಷ್ಟು ಚಿಕ್ಕ ಮೋಟ್ರು ನೆಲದಿಂದ ಮೂರಡಿ ಮೇಲಕ್ಕೆ ನೀರು ಎಂಗೆತ್ತತ್ತೆ ಅಂತ ಅವನ ಪ್ರಶ್ನೆ. ನಾನು ಪೇಪರ್ ತಗೊಂಡು ಚಿತ್ರ ಬಿಡಿಸೋಕೆ ಹೋದೆ. ಅಪ್ಪ ಪೈಪನ್ನ ಬೆರಳಲ್ಲಿ ಹಿಂಬಾಲಿಸ್ಕೊಂಡು ಹೋಗಿ, ಬಂದು, ಅರ್ಧ ನಿಮಿಷದಲ್ಲಿ ಹೇಳಿದ. "ಎರಡು ತುದೀನೂ ಒಂದೇ ನೀರಲ್ಲೇ ಐತೆ. ಇಳಿಯೋ ನೀರೇ ಹತ್ತೋ ನೀರನ್ನ ತಳ್ತದೆ. ಮೋಟ್ರು ಎತ್ತದಿಲ್ಲ, ಬರೀ ತಿರುಗಿಸ್ತದೆ." ಡ್ರಮ್ಮಿನಿಂದ ಪೈಪಲ್ಲಿ ಬಾಯಿಂದ ಎಳೆದು ನೀರು ಬಿಟ್ಟವನಿಗೆ ಸೈಫನ್ ಪಾಠ ಬೇಕಾ? ಆರು ವ್ಯಾಟಿನಲ್ಲಿ ಅದು ನಡೆಯೋ ಗುಟ್ಟು ಅಷ್ಟೇ. ಬಿಇ ಮೂರನೇ ಸೆಮಿಸ್ಟರಲ್ಲಿ ನನಗೆ ಇದನ್ನ ಯಾರಾದ್ರೂ ಹೀಗೆ ಹೇಳಿದ್ದಿದ್ರೆ ಒಂದು ಬ್ಯಾಕ್‌ಲಾಗ್ ಉಳೀತಿತ್ತು.

ಅವತ್ತಿಂದ ಅದು "ನಿನ್ ಡಬ್ಬ" ಆಯಿತು.

ಅಪ್ಪನ ಒಂದು ಆಕ್ಷೇಪ ಮಾತ್ರ ಹೋಗಲಿಲ್ಲ. "ನೀರಿಗೆ ಯಾಕ್ಲಾ ಕರೆಂಟು?" ನಮ್ಮೂರ ಕಡೆಯವರಿಗೆ ಈ ಪ್ರಶ್ನೆ ಸಹಜ. ಮೇಲುಕೋಟೆ ಅಂದ್ರೆ ಹೊರಗಿನವರಿಗೆ ಚೆಲುವನಾರಾಯಣ, ವೈರಮುಡಿ, ಪುಳಿಯೋಗರೆ. ನಮಗೆ ಅದರ ಜೊತೆ ನೀರು. ಬಂಡೆ ಬೆಟ್ಟದ ಮೇಲೆ ನದಿಯಿಲ್ಲ, ಇರೋದೆಲ್ಲ ಹಿಡಿದಿಟ್ಟ ಮಳೆನೀರು. ದೊಡ್ಡ ಕಲ್ಯಾಣಿ ಬಿಟ್ಟು ಸಣ್ಣಪುಟ್ಟ ಕೊಳಗಳು ಎಷ್ಟಿವೆಯೋ. ರಾಯಗೋಪುರದ ಹತ್ತಿರ ಅಕ್ಕತಂಗಿ ಕೊಳ ಅಂತ ಜೋಡಿ ಕೊಳ ಇದೆ. ಪಕ್ಕ ಪಕ್ಕದಲ್ಲೇ ಇವೆ, ಬೀಳೋದು ಒಂದೇ ಮಳೆ. ಆದರೂ ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಕುಡಿಯೋಕಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಅಕ್ಕನ ಮನಸ್ಸು ಒಳ್ಳೇದಿತ್ತು, ತಂಗಿಯದ್ದು ಇರಲಿಲ್ಲ ಅನ್ನೋ ಕತೆ, ಹೇಳೋರ ಬಾಯಲ್ಲಿ ಒಂದೊಂದು ಥರ. ಬೆಟ್ಟ ಇಳಿದು ಪಾಂಡವಪುರದ ಕಡೆ ಹೋದ್ರೆ ತೊಣ್ಣೂರು ಕೆರೆ. ಅದರ ನೀರಿನ ತಿಳಿ ನೋಡಿಯೇ 1746ರಲ್ಲಿ ನಾಸಿರ್ ಜಂಗ್ ಅದಕ್ಕೆ ಮೋತಿ ತಲಾಬ್, ಮುತ್ತಿನ ಕೆರೆ ಅಂತ ಹೆಸರಿಟ್ಟನಂತೆ. ಅಲ್ಲಿಗೆ ಯಾವ ಕ್ಯಾನಿಸ್ಟರ್ ಇತ್ತು?

ಅಪ್ಪ ಕೇಳೋದು ತಪ್ಪಲ್ಲ ಅಂತ ಹೇಳೋ ದೊಡ್ಡವರೂ ಇದ್ದಾರೆ. ಡಯಾನಾ ವಾಲ್‌ಸ್ಟಡ್ ಅನ್ನೋ ಅಮೆರಿಕದ ಹೆಂಗಸು 1999ರಲ್ಲಿ ಗಿಡದ ಟ್ಯಾಂಕಿನ ಬಗ್ಗೆ ಒಂದು ಪುಸ್ತಕ ಬರೆದರು. ಗಿಡಗಳೇ ಅಮೋನಿಯಾ ಹೀರ್ಕೊಳ್ತವೆ, ನೈಟ್ರೇಟಿಗಿಂತ ಅದನ್ನೇ ಇಷ್ಟಪಟ್ಟು ತಗೊಳ್ತವೆ, ಹಾಗಾಗಿ ದಟ್ಟವಾಗಿ ಗಿಡ ಇದ್ದರೆ ಫಿಲ್ಟರಿಗೆ ದೊಡ್ಡ ಕೆಲಸವೇ ಇಲ್ಲ ಅನ್ನೋದು ಅವರ ವಾದದ ತಿರುಳು. ಅಂದ್ರೆ ಕ್ಯಾನಿಸ್ಟರನ್ನ ಮಿಕ್ಕೆಲ್ಲಕ್ಕಿಂತ ಮೇಲೆ ಕೂರಿಸೋ ಎಕರೆಗಟ್ಟಲೆ ಬ್ಯಾಕ್ಟೀರಿಯಾ ಜಾಗ, ಗಿಡ ತುಂಬಿದ ಟ್ಯಾಂಕಿಗೆ ಅಷ್ಟು ಬೇಕಾಗೇ ಇಲ್ಲ. ಬೇಕಾಗೋದು ನೀರಿನ ಓಟ. ಇದನ್ನೆಲ್ಲ ಆಗಲೇ ಓದಿದ್ದೆ. ಓದಿದ್ದು ತಲೆಗೆ ಹೋಗೋದಕ್ಕೂ ಕೈಗೆ ಬರೋದಕ್ಕೂ ಬಹಳ ದೂರ.

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಶುರುವಾಯಿತು. ಒಂದು ಸಂಜೆ ಏಳೂವರೆಗೆ ಗಾಳಿ ಎದ್ದು, ಗುಡುಗಿ, ಎಲ್ಲೋ ಕಂಬದ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಅದೇನು ಹೊಸದಲ್ಲ. ಮನೆಯಲ್ಲಿ ಹಳೇ ಯುಪಿಎಸ್ ಇತ್ತು. ಅದರ ಲೈನಿನ ಬೋರ್ಡಲ್ಲಿ ಎರಡೇ ಸಾಕೆಟ್ಟು. ಒಂದಕ್ಕೆ ನನ್ನ ಲ್ಯಾಪ್‌ಟಾಪ್, ಇನ್ನೊಂದಕ್ಕೆ ಹಾಟ್‌ಸ್ಪಾಟ್ ಹಾಕಿದ ಫೋನ್. ಅವತ್ತು ರಾತ್ರಿ ಪ್ರೊಡಕ್ಷನ್ ರಿಲೀಸು, ಅಮೆರಿಕದವರ ಜೊತೆ ಒಂದೂವರೆವರೆಗೆ ಕಾಲ್. ಎದುರಿಗೇ ಟ್ಯಾಂಕು. ಡಬ್ಬ ನಿಂತಿರೋದು ಕಾಣ್ತಿತ್ತು. ಬೆಳಗ್ಗೆ ನೋಡೋಣ ಅಂತ ಮಲಗಿದೆ.

ಆರೂವರೆಗೆ ಎದ್ದಾಗ ನಡುಮನೆಯಲ್ಲಿ ಕೆಟ್ಟ ವಾಸನೆ. ಟ್ಯಾಂಕಿನ ನೀರು ಬೂದಿ ಬಣ್ಣ, ಕಪ್ಪು ಚೂರುಗಳು ತೇಲ್ತಾ ಇದ್ದವು. ಡಬ್ಬ ಗುಂಯ್ ಅಂತ ಓಡ್ತಿತ್ತು. ಒಂಬತ್ತು ಟೆಟ್ರಾಗಳು ಮರಳಿನ ಮೇಲೆ ಬಿಳಿಚಿಕೊಂಡು ಬಿದ್ದಿದ್ದವು. ಮಧ್ಯಾಹ್ನದೊಳಗೆ ಇನ್ನೆರಡು ಹೋದವು. ಟ್ಯಾಂಕಿನ ಪಕ್ಕದಲ್ಲಿ ಹಿತ್ತಾಳೆ ಚೊಂಬು, ನೆಲವೆಲ್ಲ ಒದ್ದೆ.

"ನಾಕು ಗಂಟೆಯಿಂದ ನೀರು ಹುಯ್ಕೊಂಡು ಕೂತಿದ್ರು ನಿಮ್ಮಪ್ಪ. ನಿನ್ನ ಎಬ್ಬಿಸ್ಬ್ಯಾಡ, ರಾತ್ರಿಯೆಲ್ಲ ಕೆಲಸ ಮಾಡವ್ನೆ ಅಂದ್ರು" ಅಂದಳು ಅವ್ವ.

ನನಗೆ ತಲೆ ಕೆಟ್ಟಿತು. ಟ್ಯಾಂಕಿನದು ಬೆಂಗಳೂರಿಂದ ಹೊತ್ತು ತಂದು, ಆಮೇಲೆ ಮಳೆನೀರು ಬೆರೆಸಿ ಕಾಪಾಡಿಕೊಂಡು ಬಂದಿದ್ದ ಮೆದು ನೀರು. ನಮ್ಮ ಬೋರಿನದು ಹಂಡೆಯಲ್ಲಿ ಬಿಳಿ ಪದರ ಕಟ್ಟೋ ಗಡಸು ನೀರು. ಕೊಟ್ಟಿಗೆ ಹತ್ತಿರ ಇದ್ದ ಅಪ್ಪನ ಮುಂದೆ ಹೋಗಿ ನಿಂತು, "ಬೋರ್ ನೀರು ಹುಯ್ದ್ಯಾ? ಕೇಳೋದಲ್ವಾ? ಎಲ್ಲಾ ಸತ್ತೋದ್ವು ನೋಡು ಹೋಗು" ಅಂದೆ. ಕೂಗಿದೆ ಅನ್ನೋದೇ ಸರಿ. ಅಪ್ಪ ಏನೂ ಹೇಳಲಿಲ್ಲ. ಒಳಗೆ ಬಂದು ಟ್ಯಾಂಕಿನ ಮುಂದೆ ಒಂದು ನಿಮಿಷ ಬಗ್ಗಿ ನಿಂತ. ಆಮೇಲೆ ಟವೆಲ್ ಹೆಗಲಿಗೆ ಹಾಕ್ಕೊಂಡು ಹೊಲದ ಕಡೆ ಹೋದ. ಅವತ್ತು ಸ್ಟ್ಯಾಂಡಪ್ ಮೀಟಿಂಗಲ್ಲಿ ಎಲ್ಲರಿಗೂ ಹೇಳಿದೆ, ನಮ್ಮಪ್ಪ ಬೋರ್ ನೀರು ಹಾಕಿ ಮೀನು ಸಾಯಿಸಿಬಿಟ್ರು ಅಂತ. ಒಬ್ಬಳು ಅಳೋ ಎಮೋಜಿ ಹಾಕಿದಳು.

ಆಫೀಸಲ್ಲಿ ಸರ್ವರ್ ಬಿದ್ದರೆ ನಾವು ಕೂತು ಆರ್‌ಸಿಎ ಬರೀತೀವಿ. ಎಲ್ಲಿ, ಯಾವಾಗ, ಯಾಕೆ ಅಂತ ಮೂಲಕ್ಕೆ ಹೋಗಿ ನೋಡೋದು. ಅದಕ್ಕೆ ಮೊದಲ ನಿಯಮ, ಯಾರ ಮೇಲೂ ತಪ್ಪು ಹೊರಿಸಬಾರದು. ಸಂಬಳ ಕೊಟ್ಟರೆ ಮಾತ್ರ ನೆನಪಾಗೋ ನಿಯಮ ಇರಬೇಕು.

ಮಾರನೇ ದಿನ ಡಬ್ಬ ತೊಳೆಯೋಣ ಅಂತ ಹಿತ್ತಲಿಗೆ ತಗೊಂಡುಹೋಗಿ ಕ್ಲಿಪ್ ತೆಗೆದೆ. ಮುಚ್ಚಳ ಏಳುತ್ತಿದ್ದಂತೆ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಕೈ ಅಲ್ಲೇ ನಿಂತಿತು. ಆಗ ಒಂದೊಂದೇ ಕೂಡಿ ಬಂತು. ಏಳೂವರೆಗೆ ಕರೆಂಟು ಹೋದಾಗ ಡಬ್ಬದೊಳಗೆ ನೀರು ನಿಂತಿತು. ಒಳಗಿದ್ದ ಕೋಟ್ಯಂತರ ಬ್ಯಾಕ್ಟೀರಿಯಾ ಅಷ್ಟರಲ್ಲಿದ್ದ ಆಮ್ಲಜನಕವನ್ನ ಮುಗಿಸಿದವು. ಹೊಸ ನೀರು ಬರಲ್ಲ, ಗಾಳಿ ಹೋಗಲ್ಲ, ಡಬ್ಬ ಮುಚ್ಚಿರೋದೇ ಅದರ ಹೆಚ್ಚುಗಾರಿಕೆ ತಾನೇ. ಒಳ್ಳೆ ಬ್ಯಾಕ್ಟೀರಿಯಾ ಸಾಯತೊಡಗಿದವು, ಗಾಳಿ ಬೇಡದ ಇನ್ನೊಂದು ಜಾತಿ ತಲೆ ಎತ್ತಿ ಹೈಡ್ರೋಜನ್ ಸಲ್ಫೈಡ್ ಮಾಡತೊಡಗಿದವು. ಇತ್ತ ಟ್ಯಾಂಕಲ್ಲಿ ನಾನು ಸಕ್ಕರೆ ಮತ್ತು ಯೀಸ್ಟ್ ಹಾಕಿ ಬಾಟಲಲ್ಲಿ ಮಾಡಿದ್ದ ಇಂಗಾಲದ ಡೈಆಕ್ಸೈಡ್ ವ್ಯವಸ್ಥೆ. ಅದಕ್ಕೆ ಕರೆಂಟು ಬೇಡ, ಸ್ವಿಚ್ಚೂ ಇಲ್ಲ, ರಾತ್ರಿಯೆಲ್ಲ ಗ್ಯಾಸ್ ಊದ್ತಾನೇ ಇತ್ತು. ನೀರು ಅಲುಗದೆ ಗ್ಯಾಸ್ ಹೊರಗೆ ಹೋಗಲ್ಲ. ಕತ್ತಲಲ್ಲಿ ಗಿಡಗಳೂ ಮೀನಿನ ಹಾಗೇ ಆಮ್ಲಜನಕ ಎಳ್ಕೊಳ್ತವೆ. ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ಎದ್ದು ಟಾರ್ಚ್ ಬಿಟ್ಟಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡೀತಿದ್ದವು. ಐದು ಗಂಟೆ ಮೇಲೆ ಕರೆಂಟು ಬಂತು. ಡಬ್ಬ ತಾನಾಗೇ ಶುರುವಾಗಿ, ಹತ್ತು ಗಂಟೆ ಕೊಳೆತದ್ದನ್ನೆಲ್ಲ ಒಂದೇ ಸಲಕ್ಕೆ ಟ್ಯಾಂಕಿಗೆ ಕಕ್ಕಿತು. ಉಳಿದ ಮೂರು ಕೋರಿಡೋರಾಸಿಗೆ ಮೇಲೆ ಬಂದು ಗಾಳಿ ನುಂಗಿ ಕರುಳಿನಿಂದ ಉಸಿರಾಡೋ ವಿದ್ಯೆ ಗೊತ್ತು. ಅದಕ್ಕೇ ಬದುಕಿದವು.

ಹಾಗಾದ್ರೆ ಬೋರ್ ನೀರು? ಒಳಗೆ ಬಂದು ಟ್ಯಾಂಕ್ ನೋಡಿದೆ. ಬಿಸಿಲ ಕಾಲ, ವಾರದಿಂದ ನೀರು ಹಾಕಿರಲಿಲ್ಲ, ಆರಿ ಎರಡು ಬೆರಳಷ್ಟು ಕೆಳಗಿಳಿದಿತ್ತು. ಗಾಜಿನ ಮೇಲೆ ಹಳೇ ಮಟ್ಟದ ಗೆರೆ ಹಾಗೇ ಇತ್ತು, ನೀರು ಅದರ ಕೆಳಗೇ ಇತ್ತು. ಒಂದು ಗಂಟೆ ಚೊಂಬುಗಟ್ಟಲೆ ಹೊಸ ನೀರು ಹುಯ್ದಿದ್ರೆ ಮಟ್ಟ ಏರಬೇಕಿತ್ತು. ಏರಿರಲಿಲ್ಲ. ಅಪ್ಪ ಹುಯ್ದದ್ದು ಟ್ಯಾಂಕಿನ ನೀರನ್ನೇ. ಮೊಗೆದು, ಎತ್ತರಕ್ಕೆ ಎತ್ತಿ, ಮತ್ತೆ ಅದರೊಳಗೇ ಬಿಡೋದು. ಆ ಹೊತ್ತಿನಲ್ಲಿ ಯಾರಾದರೂ ಮಾಡಬಹುದಾಗಿದ್ದ ಒಂದೇ ಒಂದು ಸರಿಯಾದ ಕೆಲಸ. ಯೀಸ್ಟ್ ಗ್ಯಾಸ್ ಹೊರಗೆ ಹೋಗ್ತಿತ್ತು, ಗಾಳಿ ಒಳಗೆ ಬರ್ತಿತ್ತು. ಕರೆಂಟು ಬಾರದೆ ಇದ್ದಿದ್ರೆ ಅಷ್ಟೂ ಉಳೀತಿದ್ವೋ ಏನೋ. ಈ ಗೆರೆ ಹಿಂದಿನ ದಿನವೂ ಅಲ್ಲೇ ಇತ್ತು, ನನ್ನ ಕಣ್ಣ ಮುಂದೆ.

ಅಪ್ಪನಿಗೆ ಹೇಳಬೇಕಲ್ಲ. ಹೇಳೋಕೆ ನಾಲ್ಕು ದಿನ ಬೇಕಾಯಿತು. ಅಷ್ಟು ದಿನವೂ ಅಪ್ಪ ಟ್ಯಾಂಕಿನ ಹತ್ತಿರ ಸುಳಿಯಲಿಲ್ಲ. ಮೊದಲು ಸಂಜೆ ಹೊತ್ತು ಅದರ ಮುಂದೆ ಮಣೆ ಹಾಕ್ಕೊಂಡು ಕೂರ್ತಿದ್ದವನು, ಈಗ ನಡುಮನೆ ದಾಟುವಾಗ ಆ ಕಡೆ ತಿರುಗ್ತಲೂ ಇರಲಿಲ್ಲ. ನಮ್ಮಲ್ಲಿ ಅಪ್ಪಂದಿರ ಹತ್ತಿರ ಸಾರಿ ಅನ್ನೋ ಪದ್ಧತಿ ಇಲ್ಲ. ಆ ಪದಕ್ಕೆ ನಮ್ಮ ಮನೆಯಲ್ಲಿ ಕನ್ನಡವೂ ಇಲ್ಲ. ಐದನೇ ದಿನ ಜಗುಲಿಯಲ್ಲಿ ಅವರೆಕಾಳು ಸುಲೀತಾ ಕೂತಿದ್ದಾಗ, ಡಬ್ಬದ ಮುಚ್ಚಳ ಕೈಯಲ್ಲಿ ಹಿಡ್ಕೊಂಡು ಹೋಗಿ ಪಕ್ಕ ಕೂತೆ.

"ಅಪ್ಪ, ತಪ್ಪು ಡಬ್ಬದ್ದು. ಕರೆಂಟು ಹೋದಾಗ ಒಳಗೇ ಕೊಳೆತುಹೋಗಿತ್ತು. ಬಂದ ತಕ್ಷಣ ಎಲ್ಲ ಉಗೀತು. ನೀನು ಹುಯ್ದಿದ್ದು ಸರಿಯಾಗೇ ಇತ್ತು."

ಅಪ್ಪ ಕಾಳು ಸುಲಿಯೋದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಕರೆಂಟು ಬಂದಾಗ ಕಪ್ಪಗೆ ಬಂತು ಕಣ್ಲಾ ಪೈಪಿಂದ. ನಾನೇ ಏನೋ ಮುಟ್ಟಬಾರದ್ದು ಮುಟ್ಟಿದ್ನೇನೋ ಅಂದ್ಕೊಂಡೆ" ಅಂದ. ಮತ್ತೆ ಸ್ವಲ್ಪ ಹೊತ್ತು. "ಮುಚ್ಚಿಟ್ಟ ಕೊಡದ ನೀರು ಮೂರು ದಿನಕ್ಕೆ ನಾರ್ತದೆ. ಇದ್ರಲ್ಲಿ ಹೊಲಸು ಬೇರೆ ತುಂಬಿದ್ದೀಯ. ಕರೆಂಟು ಹೋದ ತಕ್ಷಣ ಪಿನ್ನು ಕಿತ್ತಾಕಿ, ಮುಚ್ಚಳ ತೆಗೆದು ಇಡಬೇಕಿತ್ತು."

ಈಗ ಯಾವ ಪುಸ್ತಕ ತೆಗೆದರೂ ಇದೇ ಬರೆದಿದೆ. ಒಂದೆರಡು ಗಂಟೆಗಿಂತ ಹೆಚ್ಚು ಹೊತ್ತು ಕರೆಂಟಿಲ್ಲದಿದ್ದರೆ ಪ್ಲಗ್ ತೆಗೆಯಿರಿ, ಕ್ಯಾನಿಸ್ಟರ್ ತೆರೆಯಿರಿ, ಸಾಮಾನನ್ನ ಟ್ಯಾಂಕಿನ ನೀರಲ್ಲೇ ಜಾಲಿಸಿ, ಒಳಗಿನ ನೀರು ಚೆಲ್ಲಿ ಆಮೇಲೆ ಶುರುಮಾಡಿ. ಹ್ಯಾಂಗ್ ಆನ್ ಫಿಲ್ಟರಿನ ಡಬ್ಬಕ್ಕೆ ಸಡಿಲ ಮುಚ್ಚಳ, ಗಾಳಿ ಆಡತ್ತೆ, ಅದು ಇನ್ನೊಂದಷ್ಟು ಹೊತ್ತು ತಡೆಯತ್ತೆ. ಆದರೆ ಕೆಲವು ಮಾಡೆಲುಗಳು ಕರೆಂಟು ಬಂದಾಗ ನೀರು ಎಳೆಯದೆ ಒಣಗೇ ಓಡಿ ಸುಟ್ಟುಕೊಳ್ತವೆ, ಅದನ್ನೂ ನೋಡಬೇಕು. ಸ್ಪಂಜ್ ಫಿಲ್ಟರ್ ಟ್ಯಾಂಕಿನ ನೀರಲ್ಲೇ ಮುಳುಗಿರೋದ್ರಿಂದ ಎಲ್ಲಕ್ಕಿಂತ ಹೆಚ್ಚು ಹೊತ್ತು ಬಾಳತ್ತೆ. ಅದರ ಏರ್ ಪಂಪನ್ನ ಮೊಬೈಲಿನ ಪವರ್ ಬ್ಯಾಂಕಿಗೂ ಸಿಗಿಸಬಹುದು, ಯುಎಸ್‌ಬಿ ಪಂಪು ಸಿಗತ್ತೆ.

ಲಾಕ್‌ಡೌನ್ ಸಡಿಲವಾದ ಮೇಲೆ ಮೈಸೂರಿಗೆ ಹೋಗಿ ಅಂಥದ್ದೊಂದು ತಂದೆ. ಯೀಸ್ಟ್ ಬಾಟಲಿ ಬಿಸಾಕಿದೆ. ಕೆಂಪು ಗಿಡ ಗ್ಯಾಸಿಲ್ಲದೆ ಬಣ್ಣಗೆಟ್ಟು ಹಸಿರಾಗಿ, ಈಗ ನಿಜವಾಗಿಯೂ ಹೊನ್ನಗೊನ್ನೆ ಥರಾನೇ ಕಾಣ್ತಿತ್ತು. ಟೆಟ್ರಾ ಒಂದೇ ಒಂದು ಉಳಿದಿತ್ತು. ಗುಂಪಲ್ಲಿ ಬಾಳೋ ಮೀನು, ಒಂಟಿಯಾಗಿ ಮೂಲೆ ಸೇರಿತ್ತು. ಜೂನಲ್ಲಿ ಒಂದು ದಿನ ಅಪ್ಪ ಹೊರಗಿಂದ ಬಂದವನು ಚೊಂಬಿಗೆ ಅಂಗೈ ಮುಚ್ಚಿಕೊಂಡು ಸೀದಾ ಟ್ಯಾಂಕಿನ ಹತ್ತಿರ ಹೋದ. ಏನದು ಅಂತ ನೋಡಿದ್ರೆ ಗಪ್ಪಿ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ನಮ್ಮ ಕಡೆ ತೊಟ್ಟಿ, ಬಾವಿಗಳಿಗೆ ಬಿಡೋ ಮೀನು. ದನ ನೀರು ಕುಡಿಯೋ ತೊಟ್ಟಿಯಿಂದ ಏಳೆಂಟು ಹಿಡಿದು ತಂದಿದ್ದ. "ಇವುಕ್ಕೆ ಬೋರು ನೀರೇ ಆಯ್ತದೆ" ಅಂದ, ನನ್ನ ಮುಖ ನೋಡದೆ. ನಿಜ, ಗಪ್ಪಿಗೆ ಗಡಸು ನೀರೇ ಹಿತ. ಮೂರು ತಿಂಗಳಲ್ಲಿ ಐವತ್ತಾದವು.

2021ರ ಕೊನೆಗೆ ನಾನು ಬೆಂಗಳೂರಿಗೆ ವಾಪಸ್ ಬಂದೆ. ಆ ಟ್ಯಾಂಕನ್ನ ತರಲಿಲ್ಲ. ಸ್ಪಂಜ್ ಫಿಲ್ಟರು, ಗಪ್ಪಿ, ಕಳೆಗಿಡ ಎಲ್ಲ ಊರಲ್ಲೇ ಇದೆ, ಅಪ್ಪನ ಉಸ್ತುವಾರಿಯಲ್ಲಿ, ನನ್ನದಕ್ಕಿಂತ ಚೆನ್ನಾಗಿದೆ. ಇಲ್ಲಿ ಮೂರಡಿಯ ಹೊಸ ಟ್ಯಾಂಕ್ ಮಾಡಿದ್ದೀನಿ. ಸಿಲಿಂಡರ್ ಗ್ಯಾಸು, ರಾತ್ರಿ ತಾನಾಗೇ ನಿಲ್ಲೋ ವಾಲ್ವು. ಫಿಲ್ಟರ್ ಮಾತ್ರ ಮತ್ತೆ ಕ್ಯಾನಿಸ್ಟರೇ. ಸಿಲಿಂಡರ್ ಗ್ಯಾಸ್ ಹಾಕಿದ ಮೂರಡಿ ಟ್ಯಾಂಕಿಗೆ ಅದನ್ನ ಬಿಟ್ಟು ಬೇರೆ ಮನಸ್ಸು ಬರಲಿಲ್ಲ. ಅಪಾರ್ಟ್‌ಮೆಂಟಿಗೆ ಜನರೇಟರ್ ಇದೆ, ಆದರೂ ಅದನ್ನ ಯುಪಿಎಸ್ ಲೈನಿಗೇ ಹಾಕಿದ್ದೀನಿ. ಆರೆಂಟು ವ್ಯಾಟಿನ ಮೋಟರಿಗಿಂತ ಇನ್ವರ್ಟರ್ ಸುಮ್ಮನೆ ಕೂತು ತಿನ್ನೋ ಕರೆಂಟೇ ಹೆಚ್ಚು. ಲ್ಯಾಪ್‌ಟಾಪ್ ಸಾದಾ ಬೋರ್ಡಿಗೆ ಹೋಯಿತು. ರಾತ್ರಿ ಮಲಗುವಾಗ ಗಾಜಿನ ಕೊಳವೆಯನ್ನ ಒಂದಿಂಚು ಮೇಲೆತ್ತಿ ನೀರಿನ ಮೇಲ್ಭಾಗ ಸ್ವಲ್ಪ ಅಲುಗೋ ಹಾಗೆ ಮಾಡ್ತೀನಿ.

ಆ ಹುಡುಗನಿಗೆ ಕೊನೆಗೆ ಹ್ಯಾಂಗ್ ಆನ್ ತಗೋ ಅಂದೆ. ಎರಡಡಿ, ಗ್ಯಾಸ್ ಇಲ್ಲ, ಪಿಜಿ ರೂಮು, ಕರೆಂಟು ಯಾವಾಗ ಬೇಕಾದ್ರೂ ಹೋಗತ್ತೆ. ಮೂಲೆಯಲ್ಲಿ ಒಂದು ಸ್ಪಂಜ್ ಫಿಲ್ಟರೂ ಇಡು, ಚೆನ್ನಾಗಿ ಕಾಣಲ್ಲ, ಪರವಾಗಿಲ್ಲ, ಗಿಡದ ಹಿಂದೆ ಮುಚ್ಚು ಅಂದೆ. ಅವನು ಹೂಂ ಅಂದ. ಕ್ಯಾನಿಸ್ಟರೇ ತಗೊಂಡಿರ್ತಾನೆ ಅಂತ ನನಗೆ ಗೊತ್ತು.

ಮೊನ್ನೆ ಸಂಜೆ ಇಲ್ಲಿ ಜೋರು ಮಳೆ. ಟಿ.ವಿ.ಯಲ್ಲಿ ರಸ್ತೆ ತುಂಬ ನೀರು ತೋರಿಸಿರಬೇಕು. ಮೀಟಿಂಗ್ ಮಧ್ಯೆ ಊರಿಂದ ಫೋನು. ಏನಾಯ್ತೋ ಅಂತ ಗಾಬರಿಯಿಂದ ಎತ್ತಿದೆ. ನನ್ನ ಆರೋಗ್ಯ ಕೇಳಲಿಲ್ಲ, ಮನೆಗೆ ನೀರು ನುಗ್ಗಿತಾ ಅಂತಲೂ ಕೇಳಲಿಲ್ಲ.

"ಕರೆಂಟು ಐತೇನ್ಲಾ?"

ಇದೆ ಅಪ್ಪ.

"ಹೋದ್ರೆ ನಿನ್ ಡಬ್ಬದ ಪಿನ್ನು ಕಿತ್ತಾಕು. ಮರೀಬ್ಯಾಡ" ಅಂದು ಇಟ್ಟ.